ವಿಜಯಪುರ: ಎರಡು ದಿನ ಬೇಡುವ ಊರು

'ಬಿಜಾಪುರ ನೋಡಿದ್ದೇವೆ' ಎಂದು ಹೇಳುವವರು ನಮ್ಮಲ್ಲಿ ಬಹಳ. ಆದರೆ ಅವರನ್ನು ಸ್ವಲ್ಪ ಕೆದಕಿ ಕೇಳಿದರೆ, ಶಾಲೆಯ ಪ್ರವಾಸದಲ್ಲಿ ಗೋಲಗುಂಬಜವನ್ನು ಹತ್ತಿ, ಗಂಟಲು ಹರಿಯುವಂತೆ ಕೂಗಿ, ಇಳಿದು ಬಸ್ಸು ಹತ್ತಿದ್ದಷ್ಟೇ ಅವರ ನೆನಪಿನಲ್ಲಿ ಉಳಿದಿರುತ್ತದೆ. ನಾವೂ ಅವರಲ್ಲಿ ಒಬ್ಬರಾಗಿದ್ದೆವು. ಈ ಸಲದ ಸಂಕ್ರಾಂತಿಗೆ ಎಪ್ಪತ್ತೆಂಟು ವರ್ಷದ ನಮ್ಮ ತಾಯಿಯವರನ್ನು ಕರೆದುಕೊಂಡು ಎರಡು ದಿನ ಅಲ್ಲಿ ಉಳಿದೆವು. ಆಗಲೇ ಆ ಊರು ನಮಗೆ ಊರಾಗಿ ಕಂಡಿತು.

ನಮ್ಮ ತಾಯಿಯವರ ತವರು ಡೋಣಿ ನದಿಯ ದಂಡೆಯ ಒಂದು ಹಳ್ಳಿ. ಬಾಲ್ಯದಲ್ಲಿ ವರ್ಷಕ್ಕೊಮ್ಮೆ ತಂದೆಯ ಚಕ್ಕಡಿಯಲ್ಲಿ ಕುಳಿತು ಸಿದ್ಧೇಶ್ವರ ಜಾತ್ರೆಗೆ ಬರುತ್ತಿದ್ದರು. ಹಲವು ಹರಿದಾರಿ ದೂರದಿಂದಲೇ ಗುಂಬಜ ಕಾಣುತ್ತಿತ್ತು. ಅದು ಕಂಡೊಡನೆ ಎತ್ತುಗಳೂ ಹೆಜ್ಜೆ ಚುರುಕುಗೊಳಿಸುತ್ತಿದ್ದವೆಂದು ಅವರು ಇಂದಿಗೂ ಹೇಳುತ್ತಾರೆ. ಆದರೆ ಒಮ್ಮೆಯಾದರೂ ಅದರ ಒಳಗೆ ಕಾಲಿಟ್ಟವರಲ್ಲ. 'ಸತ್ತವರ ಮನಿಯಾಗ ನಮಗೇನ ಕೆಲಸ' ಎಂದು ಅವರ ತಂದೆ ಜಾತ್ರೆ ಮುಗಿಸಿ ಚಕ್ಕಡಿ ತಿರುಗಿಸುತ್ತಿದ್ದರಂತೆ. ಈಗ ಮೊಣಕಾಲು ನೋವು, ಒಂದು ಕಣ್ಣಿಗೆ ಮಂಜು. 'ಇನ್ನ ಮುಂದ ಹಾಕಿದರ ಆಗೂದಿಲ್ಲಪಾ, ಈ ಸಲ ಒಳಗ ಹೋಗಿ ನೋಡಬೇಕು' ಎಂದು ಅವರೇ ಮಾತು ತೆಗೆದರು. ಅಂಥವರು ಎಷ್ಟು ನಡೆದಾರು, ಎಲ್ಲಿ ಕುಳಿತಾರು, ಏನು ಉಂಡಾರು ಎಂಬ ಚಿಂತೆ ನಮಗೆ ಇದ್ದೇ ಇತ್ತು. ವಯಸ್ಸಾದವರನ್ನು ಕರೆದೊಯ್ಯಬೇಕೆಂದಿರುವ ಕುಟುಂಬಗಳಿಗೆ ಉಪಯೋಗವಾದೀತೆಂದು ಈ ಬರಹ.

ಕಲ್ಯಾಣದ ಚಾಲುಕ್ಯರ ಕಾಲದಲ್ಲಿಯೇ ವಿಜಯಪುರವೆಂದು ಹೆಸರಾಗಿದ್ದ ಊರಿದು. 1489ರಲ್ಲಿ ಯೂಸುಫ್ ಆದಿಲಶಾಹನು ಬಹಮನಿ ರಾಜ್ಯದಿಂದ ಬೇರೆಯಾಗಿ ಇಲ್ಲಿ ತನ್ನ ರಾಜ್ಯವನ್ನು ಕಟ್ಟಿದನು. ಅಲ್ಲಿಂದ 1686ರಲ್ಲಿ ಔರಂಗಜೇಬನಿಗೆ ವಶವಾಗುವವರೆಗೆ, ಸುಮಾರು ಇನ್ನೂರು ವರ್ಷ, ದಕ್ಷಿಣದ ದೊಡ್ಡ ರಾಜಧಾನಿಗಳಲ್ಲಿ ಇದೂ ಒಂದಾಗಿತ್ತು. ಆ ಬಳಿಕ ಹಾಳು ಸುರಿದ ಊರಿಗೆ 1885ರಲ್ಲಿ ಕಲಾದಗಿಯಿಂದ ಜಿಲ್ಲೆಯ ಕಚೇರಿಗಳು ಬಂದುದರಿಂದ ಮತ್ತೆ ಜೀವ ಬಂದಿತು. ಬಂದ ಅಧಿಕಾರಿಗಳು ಹಳೆಯ ಮಹಲುಗಳಲ್ಲಿಯೇ ಕಚೇರಿಗಳನ್ನೂ ವಸತಿಗಳನ್ನೂ ಮಾಡಿಕೊಂಡದ್ದು ಬೇರೆ ಮಾತು. 2014ರ ನವೆಂಬರ್ 1ರಿಂದ ಸರಕಾರಿ ಕಾಗದಗಳಲ್ಲಿ ಮತ್ತೆ ವಿಜಯಪುರವೆಂದೇ ಬರೆಯಲಾಗುತ್ತಿದೆ. ಆಟೋದವರ ಬಾಯಲ್ಲಿ ಮಾತ್ರ ಇನ್ನೂ ಬಿಜಾಪುರವೇ.

ಹೋಗಲು ನವೆಂಬರದಿಂದ ಫೆಬ್ರುವರಿಯವರೆಗಿನ ಕಾಲ ಹಿತ. ಬೇಸಿಗೆಯಲ್ಲಿ ಅಲ್ಲಿಯ ಕಲ್ಲು ಕಾದ ಹಂಚಿನಂತಾಗುತ್ತದೆ, ವೃದ್ಧರನ್ನೂ ಎಳೆಯರನ್ನೂ ಆಗ ಕರೆದೊಯ್ಯಲೇಬಾರದು. ಊರು ಪೂರ್ವಪಶ್ಚಿಮವಾಗಿ ಹಬ್ಬಿಕೊಂಡಿದೆ. ಪೂರ್ವದ ತುದಿಯಲ್ಲಿ ರೈಲು ನಿಲ್ದಾಣ ಮತ್ತು ಗೋಲಗುಂಬಜ, ನಡುವೆ ಗಾಂಧಿಚೌಕ ಮತ್ತು ಪೇಟೆ, ಪಶ್ಚಿಮದ ತುದಿಯಲ್ಲಿ ದೊಡ್ಡ ತೋಪು, ತಾಜ್ ಬಾವಡಿ, ಇಬ್ರಾಹಿಂ ರೋಜಾ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸುಮ್ಮನೆ ಹಿಂದೆಮುಂದೆ ಓಡಾಡುವುದು ತಪ್ಪುತ್ತದೆ. ಒಂದು ದಿನ ಪೂರ್ವಕ್ಕೆ, ಒಂದು ದಿನ ಪಶ್ಚಿಮಕ್ಕೆ ಮೀಸಲಿಡಬೇಕು. ಬಾಡಿಗೆಯನ್ನು ಹತ್ತುವ ಮುಂಚೆಯೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ನಾವು ಸಂಕೋಚದಿಂದ ಕೇಳದೆ ಹತ್ತಿ, ಮೊದಲ ದಿನವೇ ಒಂದಕ್ಕೆ ಎರಡರಷ್ಟು ತೆತ್ತೆವು.

ಗೋಲಗುಂಬಜಕ್ಕೆ ನಸುಕಿನಲ್ಲಿಯೇ ಹೋಗಬೇಕು. ಒಂಬತ್ತು ಗಂಟೆಯಾಯಿತೆಂದರೆ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಒಳಗಿನ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸದಂತಾಗುತ್ತದೆ. ನಾವು ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಒಳಗಿದ್ದೆವು. ಪುಷ್ಯದ ಚಳಿ, ಹುಲ್ಲಿನ ಮೇಲೆ ಇಬ್ಬನಿ, ಕಟ್ಟಡದ ಹಿಂದಿನಿಂದ ಏಳುತ್ತಿದ್ದ ಸೂರ್ಯ.

ಇದು 1627ರಿಂದ 1656ರವರೆಗೆ ಆಳಿದ ಮುಹಮ್ಮದ ಆದಿಲಶಾಹನ ಸಮಾಧಿ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರು. ಅದರ ಕೆಳಗೆ ಒಂದು ಕಂಬವೂ ಇಲ್ಲದೆ 18,000 ಚದರಡಿಗೂ ಮಿಕ್ಕ ನೆಲ ಹರಡಿದೆ. ಇಷ್ಟು ಭಾರ ಹೇಗೆ ನಿಂತಿದೆ ಎಂದು ನಮ್ಮ ಮಗಳು ಕೇಳಿದಳು. ನಾವು ತಡವರಿಸುತ್ತಿರುವಾಗ ನಮ್ಮ ಶ್ರೀಮತಿಯವರೇ ಉತ್ತರ ಹುಡುಕಿದರು. ಒಂದು ಚೌಕವನ್ನು ಬರೆದು, ಅದರ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿ ಬರೆದರೆ ಎಂಟು ಮೂಲೆಯ ರಂಗೋಲಿಯಾಗುತ್ತದಲ್ಲವೆ? ಇಲ್ಲಿ ಆ ಗೆರೆಗಳೆಲ್ಲ ಕಲ್ಲಿನ ಕಮಾನುಗಳು. ಒಂದನ್ನೊಂದು ಹಾಯ್ದು ಏರುವ ಎಂಟು ಕಮಾನುಗಳು ಕೆಳಗಿನ ಚೌಕವನ್ನು ಎಂಟು ಮೂಲೆಯಾಗಿಸಿ, ಅದನ್ನು ಮೇಲೆ ದುಂಡಗೆ ಮಾಡುತ್ತವೆ. ಹೊರಕ್ಕೆ ಸಿಡಿಯಬೇಕೆನ್ನುವ ಗುಮ್ಮಟದ ಒತ್ತಡವನ್ನು ಒಳಕ್ಕೆ ಬಾಗಿದ ಈ ಕಟ್ಟಣದ ಭಾರವೇ ಹಿಡಿದು ನಿಲ್ಲಿಸುತ್ತದೆ. ಕೆಳಗೆ ನಿಂತು ತಲೆಯೆತ್ತಿದರೆ ಆ ರಂಗೋಲಿ ಸ್ಪಷ್ಟವಾಗಿ ಕಾಣುತ್ತದೆ. ಮಕ್ಕಳಿಗೆ ಇದನ್ನು ತೋರಿಸದೆ ನೇರವಾಗಿ ಮೆಟ್ಟಿಲು ಹತ್ತಿಸುವುದು ಸರಿಯಲ್ಲ.

ಮೇಲಕ್ಕೆ ಹೋಗುವ ದಾರಿ ಮೂಲೆಯ ಏಳಂತಸ್ತಿನ ಗೋಪುರದೊಳಗೆ. ನೂರಕ್ಕೂ ಹೆಚ್ಚು ಮೆಟ್ಟಿಲುಗಳು, ಇಕ್ಕಟ್ಟು, ಒಂದೊಂದು ಮೆಟ್ಟಿಲೂ ಮೊಣಕಾಲೆತ್ತರ ಎನ್ನಿಸುವಷ್ಟು ಕಡಿದು. ನಮ್ಮ ತಾಯಿಯವರು ಯಾರ ಮಾತನ್ನೂ ಕೇಳದೆ ಹತ್ತತೊಡಗಿದರು. ಎರಡನೆಯ ಅಂತಸ್ತಿನ ಕಿಟಕಿಯ ಬಳಿ ಕುಳಿತವರು ಬಹಳ ಹೊತ್ತು ಏಳಲಿಲ್ಲ. ಮುಖ ಬಿಳಿಚಿತ್ತು. ಹಟ ಮಾಡಿ ಕರೆತಂದೆವೇನೋ ಎಂದು ನಮಗೆ ಎದೆ ಹೊಡೆದುಕೊಂಡಿತು. ನೀರು ಕುಡಿಸಿ, ಶ್ರೀಮತಿಯವರು ಕೈಹಿಡಿದು ನಿಧಾನವಾಗಿ ಕೆಳಗಿಳಿಸಿ, ನಡುಅಂಗಳದ ಕಟ್ಟೆಯ ಅಂಚಿಗೆ ಕೂರಿಸಿದರು. 'ನೀವು ಹೋಗ್ರಿ, ನಾ ಇಲ್ಲೇ ಕುಂತು ಕೇಳತೀನಿ' ಎಂದರು.

ಹೃದಯದ ತೊಂದರೆಯುಳ್ಳವರನ್ನೂ ಮೊಣಕಾಲು ನೋವಿನವರನ್ನೂ ಮೇಲೆ ಹತ್ತಿಸಲೇಬಾರದು ಎಂದು ಈ ಅನುಭವದಿಂದ ಸ್ಪಷ್ಟವಾಗಿ ಹೇಳುತ್ತೇವೆ. ಅವರಿಗೆ ಕೆಳಗೆ ಕುಳಿತರೂ ನಷ್ಟವಿಲ್ಲ.

ಮೇಲೆ ಗುಮ್ಮಟದ ಒಳಸುತ್ತಿನಲ್ಲಿ ಪಿಸುಮಾತಿನ ಮೊಗಸಾಲೆ. ಒಂದು ಕಡೆ ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ ಮಾತು ಎದುರಿನ ಗೋಡೆಗೆ ಕಿವಿಯಿಟ್ಟವರಿಗೆ ಕೇಳಿಸುತ್ತದೆ. ಚಪ್ಪಾಳೆ ತಟ್ಟಿದರೆ ಏಳಕ್ಕಿಂತ ಹೆಚ್ಚು ಸಲ ಮರುಧ್ವನಿಸುತ್ತದೆ. ದುಂಡು ಗೋಡೆ ಸದ್ದನ್ನು ಚದುರಿಸದೆ ತನ್ನ ಮೈಗುಂಟ ಜಾರಿಸಿಕೊಂಡು ಹೋಗುವುದೇ ಪಿಸುಮಾತಿನ ಗುಟ್ಟು. ಅದನ್ನು ಅನುಭವಿಸಲು ಬೇಕಾದದ್ದು ಮೌನ. ನಮ್ಮ ಜನರು ಅಲ್ಲಿ ಮಾಡುವುದು ಕೂಗಾಟ! ನಮಗೆ ಸಿಕ್ಕಿದ್ದು ಹತ್ತು ನಿಮಿಷದ ಮೌನ. ಮಗಳು ಎದುರು ಗೋಡೆಯಿಂದ ಹೇಳಿದ ಮಾತು ಅವಳು ನಮ್ಮ ಭುಜದ ಬಳಿಯೇ ನಿಂತಿರುವಂತೆ ಕೇಳಿಸಿತು. ಬಳಿಕ ಅವಳು ಕೆಳಕ್ಕೆ ಬಾಗಿ 'ಆಯೀ' ಎಂದು ಒಮ್ಮೆ ಕರೆದಳು. ಇಳಿದು ಬಂದ ಮೇಲೆ ಅವಳ ಆಯಿ ಹೇಳಿದ್ದಿಷ್ಟು: 'ಎಲ್ಲಿಂದ ಕರದಿ ತಿಳೀಲಿಲ್ಲ ಕೂಸ, ಎಲ್ಲಾ ಕಡಿಂದ ಕರದಂಗಾತು.' ಅಷ್ಟರಲ್ಲಿ ಯಾವುದೋ ಶಾಲೆಯ ಮಕ್ಕಳು ಮೇಲೇರಿದರು. ನಾವು ಹೊರಬಿದ್ದೆವು.

ಮುಂಭಾಗದ ನಗಾರಖಾನೆಯಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಶಿಲಾಶಾಸನಗಳು, ಜೈನ ಮತ್ತು ಶೈವ ಮೂರ್ತಿಗಳು, ರತ್ನಗಂಬಳಿಗಳು, ಚಿತ್ರಗಳು, ಹಳೆಯ ಹಸ್ತಪ್ರತಿಗಳು ಇಲ್ಲಿವೆ. ಶುಕ್ರವಾರ ರಜೆಯೆಂಬುದನ್ನು ಮರೆಯಬಾರದು.

ಊಟದ ವಿಷಯಕ್ಕೆ ಬಂದರೆ, ದೊಡ್ಡ ಹೋಟೆಲುಗಳ ಹೊಳಪಿಗೆ ಮರುಳಾಗದೆ ಖಾನಾವಳಿಯನ್ನು ಹುಡುಕಿಕೊಳ್ಳಬೇಕು. 'ಲಿಂಗಾಯತ ಖಾನಾವಳಿ' ಎಂಬ ಹಲಗೆ ಕಂಡಲ್ಲಿ ನಿಸ್ಸಂಕೋಚವಾಗಿ ಒಳಗೆ ಹೋಗಬಹುದು. ಬಡಿದ ಜೋಳದ ರೊಟ್ಟಿ ಹಂಚಿನಿಂದ ನೇರವಾಗಿ ತಾಟಿಗೆ ಬರುತ್ತದೆ. ಜೊತೆಗೆ ಎಣ್ಣೆಗಾಯಿ ಬದನೆ, ಮಡಿಕೆಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗಟ್ಟಿ ಮೊಸರು, ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ. ಡೋಣಿಯ ತೀರ ಬೆಳೆದರೆ ಓಣಿಗೆಲ್ಲ ಕಾಳು ಎಂಬ ಅರ್ಥದ ಮಾತು ಈ ಭಾಗದಲ್ಲಿದೆ. ಆ ಕರಿಮಣ್ಣಿನಲ್ಲಿ ಹಿಂಗಾರಿಯ ತೇವದಲ್ಲಿಯೇ ಬೆಳೆಯುವ ಬಿಳಿಜೋಳದ ರೊಟ್ಟಿಯ ಸವಿಯೇ ಬೇರೆ. ನಮ್ಮ ತಾಯಿಯವರು ಮೊದಲ ತುತ್ತಿಗೇ 'ಇದು ಮಾಲದಂಡಿ' ಎಂದು ಜೋಳದ ಜಾತಿ ಹೇಳಿದರು. ಬಡಿಸುವ ಹೆಣ್ಣುಮಗಳು ನಕ್ಕು, 'ಹೌದ್ರಿ ಯವ್ವಾ, ಹೆಂಗ ಗೊತ್ತಾತ್ರಿ?' ಎಂದು ಕೇಳಿ ಇನ್ನೊಂದು ರೊಟ್ಟಿ ಹಾಕಿದಳು. ಬೆಳಗಿನ ಏಟಿಗೆ ಬಳಲಿದ್ದವರು ಎರಡು ರೊಟ್ಟಿ ಉಂಡರು. ನಮಗೂ ಆಗ ಊಟ ಸೇರಿತು.

ಸಂಕ್ರಾಂತಿಯ ದಿನಗಳಾದುದರಿಂದ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಮಾದಲಿಯೂ ದೊರೆತವು. ಸಂಜೆಯ ಹೊತ್ತಿಗೆ ಗಾಂಧಿಚೌಕದ ಸುತ್ತ ಮಿರ್ಚಿಭಜಿ ಮತ್ತು ಚುರುಮರಿಯ ಗಾಡಿಗಳು ನಿಲ್ಲುತ್ತವೆ. ಭಜಿ ಬಿಸಿಯಿದ್ದರೆ ಮಾತ್ರ ತಿನ್ನಬೇಕು.

ಎರಡನೆಯ ದಿನ ಪಶ್ಚಿಮಕ್ಕೆ. ಕೋಟೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ಎಂಬ ತೋಪು ಇದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಬಾಯಿಗೆ ಆನೆಯನ್ನು ಕಚ್ಚಿದ ಸಿಂಹದ ಮುಖ. ಪರಾಂಡಾ ಕೋಟೆಯಿಂದ 1632ರಲ್ಲಿ ಇಲ್ಲಿಗೆ ತರಲಾಯಿತು. 1854ರಲ್ಲಿ ಇದನ್ನು ಹರಾಜು ಹಾಕಿ, 150 ರೂಪಾಯಿಗೆ ಕೂಗು ಮುಗಿಸಿದ್ದರಂತೆ! ಅಷ್ಟು ಕಡಿಮೆ ಬೆಲೆಯನ್ನು ಕಂಡು ಅಧಿಕಾರಿಗಳು ಹರಾಜನ್ನು ರದ್ದುಪಡಿಸಿದ್ದರಿಂದ ತೋಪು ಉಳಿಯಿತು. ಹತ್ತಿರದಲ್ಲಿಯೇ 80 ಅಡಿ ಎತ್ತರದ ಉಪಲಿ ಬುರುಜು, ಹೊರಮೈಯನ್ನು ಸುತ್ತಿಕೊಂಡು ಏರುವ ಮೆಟ್ಟಿಲುಗಳು. ಇಡೀ ಊರು ಅಲ್ಲಿಂದ ಕಾಣುತ್ತದೆ. ಮಕ್ಕಳಿಗೆ ಇದು ಗೋಲಗುಂಬಜಕ್ಕಿಂತ ಹೆಚ್ಚು ಹಿಡಿಸಿದರೆ ಆಶ್ಚರ್ಯವಿಲ್ಲ.

ಆದರೆ ನಮ್ಮ ಮನಸ್ಸು ನಿಂತದ್ದು ತಾಜ್ ಬಾವಡಿಯಲ್ಲಿ. ಎಂಟುಮೂಲೆಯ ಎರಡು ಗೋಪುರಗಳ ನಡುವೆ ದೊಡ್ಡ ಕಮಾನು, ಅದರಾಚೆ ಕೆಳಗಿಳಿಯುವ ಮೆಟ್ಟಿಲು, ಬಳಿಕ ಸುಮಾರು 220 ಅಡಿ ಚೌಕದ ನೀರು. ಇಬ್ರಾಹಿಂ ಆದಿಲಶಾಹನ ರಾಣಿ ತಾಜ್ ಸುಲ್ತಾನಳ ಹೆಸರಿನದು. ಇಕ್ಕೆಲಗಳಲ್ಲಿ ದಾರಿಹೋಕರು ತಂಗುತ್ತಿದ್ದ ಪಡಸಾಲೆಗಳಿವೆ. ಬರವೇ ನಿತ್ಯವಾದ ಈ ಸೀಮೆಯಲ್ಲಿ ಅಷ್ಟು ದೊಡ್ಡ ರಾಜಧಾನಿ ನೀರಿಗಾಗಿ ಮಾಡಿದ ಏರ್ಪಾಡು ಗುಂಬಜಕ್ಕಿಂತಲೂ ದೊಡ್ಡ ಸಾಹಸವೆಂದು ನಮಗೆ ತೋರುತ್ತದೆ. ಪಶ್ಚಿಮದ ತೊರವಿಯಿಂದಲೂ ದಕ್ಷಿಣದ ಬೇಗಂ ತಲಾಬಿನಿಂದಲೂ ನೆಲದೊಳಗಿನ ಕಾಲುವೆ ಮತ್ತು ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ನಡುನಡುವೆ 'ಗಂಜ್' ಎಂಬ ಎತ್ತರದ ಕಟ್ಟಡಗಳು. ನೀರು ಅವುಗಳೊಳಗೆ ಏರಿ, ಒತ್ತಡ ಕಳೆದುಕೊಂಡು, ಕೆಸರನ್ನು ತಳಕ್ಕೆ ಬಿಟ್ಟು ಮುಂದೆ ಸಾಗುತ್ತಿತ್ತು. ಕೊಳವೆ ಒಡೆಯದಿರಲು ಇದೇ ಉಪಾಯ. ಈ ಗಂಜುಗಳು ಇಂದಿಗೂ ಅಲ್ಲಲ್ಲಿ ನಿಂತಿವೆ. ಯಾರೂ ತೋರಿಸುವುದಿಲ್ಲ, ನಾವೇ ಕೇಳಿ ಹುಡುಕಬೇಕು. (ತೊರವಿ ಎಂದರೆ ಕುಮಾರವಾಲ್ಮೀಕಿಯು 'ತೊರವೆ ರಾಮಾಯಣ'ವನ್ನು ಬರೆದ ಊರೇ. ನರಸಿಂಹನ ಗುಡಿಯಿದೆ.)

ನಮ್ಮ ತಾಯಿಯವರು ಬಾವಡಿಯ ಮೇಲಿನ ಮೆಟ್ಟಿಲಿನಲ್ಲಿ ಕುಳಿತು ಬಹಳ ಹೊತ್ತು ನೀರನ್ನು ನೋಡಿದರು. ತವರಿನಲ್ಲಿ ಬೇಸಿಗೆ ಬಂತೆಂದರೆ ನಸುಕಿನ ಮೂರು ಗಂಟೆಗೆ ಎದ್ದು ಹಳ್ಳದ ಮರಳಿನಲ್ಲಿ ವರತಿ ತೋಡಿ, ಬಟ್ಟಲಿನಿಂದ ಕೊಡ ತುಂಬುತ್ತಿದ್ದುದನ್ನು ನೆನೆದರು. 'ಇಷ್ಟ ನೀರು ಕಟ್ಟಿದವರು ಯಾರ ಇರಲಿ, ಅವರಿಗೆ ಪುಣ್ಯ ಐತಿ' ಎಂದರು. ಈ ಬಾವಡಿಯೂ ಬಹುಕಾಲ ಕಸ ಮತ್ತು ಹೂಳಿನಿಂದ ತುಂಬಿತ್ತು. ಈಚಿನ ವರ್ಷಗಳಲ್ಲಿ ಹೂಳೆತ್ತಿದ್ದಾರೆ. ಹಾಗಿದ್ದರೂ ನಮ್ಮ ಕಣ್ಣೆದುರಿಗೇ ಒಬ್ಬ ಗೃಹಸ್ಥರು ಬಿಸ್ಕಿಟಿನ ಹೊದಿಕೆಯನ್ನು ನೀರಿಗೆ ಎಸೆದರು. ತಾಯಿಯವರು ಅವರನ್ನು ಸುಮ್ಮನೆ ಬಿಡಲಿಲ್ಲ. ಆ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಕೋಟೆಯ ಹೊರಗಿರುವ ಇಬ್ರಾಹಿಂ ರೋಜಾ ಊರಿನ ಅತ್ಯಂತ ಸುಂದರ ಕಟ್ಟಡ, ಈ ವಿಷಯದಲ್ಲಿ ನಮಗೆ ಸಂದೇಹವಿಲ್ಲ. ಗೋಲಗುಂಬಜ ಗಾತ್ರದಿಂದ ಬೆರಗುಗೊಳಿಸಿದರೆ ಇದು ಕೆತ್ತನೆಯಿಂದ. ಒಂದೇ ಕಟ್ಟೆಯ ಮೇಲೆ ಎದುರುಬದುರಾಗಿ ಸಮಾಧಿ ಮತ್ತು ಮಸೀದಿ, ನಡುವೆ ಕಾರಂಜಿಯ ಹೊಂಡ. ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದು ಬೆಳಕು ಅವುಗಳ ಮೂಲಕವೇ ಒಳಬರುವಂತೆ ಮಾಡಿದ್ದಾರೆ. 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಂ ಆದಿಲಶಾಹನು ಇಲ್ಲಿ ಮಲಗಿದ್ದಾನೆ. ಸಂಗೀತಪ್ರಿಯನಾದ ಈತನನ್ನು ಜನ 'ಜಗದ್ಗುರು' ಎಂದು ಕರೆದರು. ದಖ್ಖನಿಯಲ್ಲಿ ಈತನು ರಚಿಸಿದ 'ಕಿತಾಬ್-ಎ-ನೌರಸ್' ಸರಸ್ವತಿಯ ಸ್ತುತಿಯಿಂದ ಆರಂಭವಾಗುತ್ತದೆ. ಹೂದೋಟದ ಹುಲ್ಲಿನ ಮೇಲೆ ಒಂದು ತಾಸು ಕುಳಿತುಕೊಳ್ಳಲು ಸಮಯ ಇಟ್ಟುಕೊಂಡೇ ಹೋಗಬೇಕು.

ಊರ ನಡುವಿನ ಬಾರಾ ಕಮಾನು, ಗಗನ ಮಹಲು, ಅಸಾರ ಮಹಲು, ಜೋಡಗುಂಬಜ, ಜಾಮಿಯಾ ಮಸೀದಿಗಳನ್ನು ಅರ್ಧ ದಿನದಲ್ಲಿ ನೋಡಬಹುದು. ಬಾರಾ ಕಮಾನು ಎರಡನೆಯ ಅಲಿ ಆದಿಲಶಾಹನು ತನಗಾಗಿ ತೊಡಗಿ, 1672ರಲ್ಲಿ ತೀರಿಕೊಂಡಿದ್ದರಿಂದ ಅರ್ಧಕ್ಕೇ ನಿಂತ ಸಮಾಧಿ. ಸಂಜೆಯ ಬೆಳಕಿನಲ್ಲಿ ನೋಡಲು ಚೆಂದ. ಗಗನ ಮಹಲಿನ ನಡುಗಮಾನಿನ ಅಗಲ ಸುಮಾರು 60 ಅಡಿ. ಕೊನೆಯ ಸುಲ್ತಾನ ಸಿಕಂದರನು ಔರಂಗಜೇಬನಿಗೆ ಶರಣಾದದ್ದು ಅಲ್ಲಿಯೇ ಎನ್ನುತ್ತಾರೆ.

ಪೇಟೆಯೆಂದರೆ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆ ಮತ್ತು ಅದರ ಸುತ್ತಲಿನ ಓಣಿಗಳು. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಎರಡೂ ಸಿಗುತ್ತವೆ. ಕೈಮಗ್ಗದ್ದು ಬೇಕೆಂದರೆ ಸೆರಗಿನ ಜೋಡಣೆಯನ್ನು ತಿರುವಿ ನೋಡಬೇಕು. ಮೈ ಮತ್ತು ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸಿರುವುದು ಅಲ್ಲಿ ಕಾಣುತ್ತದೆ. ಇಂಡಿ ಸೀಮೆಯ ಲಿಂಬೆಹಣ್ಣು, ಖಡಕ್ ರೊಟ್ಟಿಯ ಕಟ್ಟುಗಳು, ಬಗೆಬಗೆಯ ಹಿಂಡಿಗಳು ಊರಿಗೆ ಒಯ್ಯಲು ತಕ್ಕವು.

ಒಣದ್ರಾಕ್ಷಿ ಈ ಜಿಲ್ಲೆಯ ಹೆಸರುವಾಸಿ ಬೆಳೆ. ಇಲ್ಲಿ ನಾವು ಮೋಸಹೋದೆವು. ಚಿನ್ನದ ಬಣ್ಣಕ್ಕೆ ಮರುಳಾಗಿ ಎರಡು ಕಿಲೋ ಕೊಂಡೆವು. ಮನೆಯಲ್ಲಿ ಬಿಚ್ಚಿದಾಗ ಗಂಧಕದ ಘಾಟು ಮೂಗಿಗೆ ಬಡಿಯಿತು. ಹಣ್ಣನ್ನು ಒಂದು ಬಗೆಯ ಎಣ್ಣೆ ಮತ್ತು ಕ್ಷಾರದ ದ್ರಾವಣದಲ್ಲಿ ಅದ್ದಿ ನೆರಳಿನ ಚಪ್ಪರದಲ್ಲಿ ಒಣಗಿಸುವುದು ವಾಡಿಕೆ. ಹೊಳಪಿನ ಹಳದಿ ಬರಲು ಗಂಧಕದ ಹೊಗೆ ಕೊಡುತ್ತಾರೆ. ಆದ್ದರಿಂದ ಕೊಳ್ಳುವ ಮೊದಲು ಮುಷ್ಟಿಯಲ್ಲಿ ಹಿಡಿದು ಮೂಸಬೇಕು, ನಾಲ್ಕು ಕಾಳು ಅಗಿಯಬೇಕು. ಹಸಿರುಗಂದು ಬಣ್ಣದ ಸಾಧಾರಣ ಕಾಳೇ ಮೇಲು.

ನಮ್ಮ ಪತ್ರಿಕೆಯ ವಾಚಕರು ತಪ್ಪಿಸಬಾರದ ಇನ್ನೊಂದು ಸ್ಥಳವುಂಟು. ವಚನಪಿತಾಮಹ ಫ.ಗು. ಹಳಕಟ್ಟಿಯವರು ವಕೀಲರಾಗಿ ಬಂದು ನೆಲೆಸಿದ ಊರಿದು. ಹಳ್ಳಿಹಳ್ಳಿಗಳಿಂದ ತಾಳೆಗರಿಗಳನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಮನೆಯನ್ನು ಮಾರಿ ಮುದ್ರಣಾಲಯ ಹಾಕಿದರು. 1964ರಲ್ಲಿ ಇಲ್ಲಿಯೇ ಲಿಂಗೈಕ್ಯರಾದರು. ಬಿ.ಎಲ್.ಡಿ.ಇ. ಸಂಸ್ಥೆಯ ಅವರ ಹೆಸರಿನ ಸಂಶೋಧನ ಕೇಂದ್ರದಲ್ಲಿ ಆ ದುಡಿಮೆಯ ಕುರುಹುಗಳಿವೆ. ಒಬ್ಬ ಮನುಷ್ಯನ ಜೀವನ ಎಷ್ಟು ಕಟ್ಟುಗಳಾಗಬಲ್ಲದು ಎಂದು ಅಲ್ಲಿ ಕಾಣುತ್ತದೆ. ಇನ್ನೂ ಒಂದು ದಿನ ಕೈಯಲ್ಲಿದ್ದವರು ಸುಮಾರು 40 ಕಿ.ಮೀ. ದೂರದ ಬಸವನಬಾಗೇವಾಡಿಗೂ ಹೋಗಿ ಬರಬಹುದು.

ಸಂಜೆ ಸಿದ್ಧೇಶ್ವರ ಗುಡಿಯ ಬಳಿ ನಂದಿಧ್ವಜಗಳ ಮೆರವಣಿಗೆ ಬರುತ್ತಿತ್ತು. ಜನಜಂಗುಳಿಗೆ ಅಂಜಿ ದೂರದ ಅಂಗಡಿಯ ಕಟ್ಟೆಯ ಮೇಲೆ ತಾಯಿಯವರನ್ನು ಕೂರಿಸಿದ್ದೆವು. ಧ್ವಜ ಎದುರಿಗೆ ಬರುತ್ತಿದ್ದಂತೆ ಅವರು ಎದ್ದು ನಿಂತು ಕೈಮುಗಿದರು. ಮೊಮ್ಮಗಳ ಕೈಗೆ ಕುಸುರೆಳ್ಳು ಕೊಟ್ಟು, ತಮ್ಮ ತಂದೆ ಚಕ್ಕಡಿ ಬಿಡುತ್ತಿದ್ದ ಜಾಗ ಯಾವುದೆಂದು ತೋರಿಸಲು ಯತ್ನಿಸಿದರು. ಅಲ್ಲೀಗ ಅಂಗಡಿಗಳ ಸಾಲು. ಮರುದಿನ ರೈಲು ಹೊರಟಾಗ ಗುಂಬಜದ ಕಡೆಯ ಕಿಟಕಿಯನ್ನೇ ಕೇಳಿ ಕುಳಿತರು. ಅದು ಕಾಣುವವರೆಗೂ ರೊಟ್ಟಿಯ ಗಂಟು ಬಿಚ್ಚಲು ಬಿಡಲಿಲ್ಲ.